ರಾಹುಕಾಲ 9ಕ್ಕ ಮುಗೀತದೋ 9:44ಕ್ಕೋ? ಗೋಡಿ ಕ್ಯಾಲೆಂಡರ್, ಪಂಚಾಂಗ, ಮೊಬೈಲ್ ಮೂರೂ ಮೂರು ಹೇಳ್ತಾವ

ಗಂಜ್ ಅಡತಿ
ಎಲ್ಲರಿಗೂ ನಮಸ್ಕಾರ. ಜನವರಿ ನಡುವಿನ ಒಂದು ಸೋಮವಾರ ಗಂಜಿನ್ಯಾಗ ಹೊಸ ಅಡತ್ ಅಂಗಡಿ ಪೂಜಾ ಅದ. ಗೋಡಿ ಕ್ಯಾಲೆಂಡರಿನ್ಯಾಗ ಸೋಮವಾರ ರಾಹುಕಾಲ 7:30ರಿಂದ 9. ಅದಕ್ಕ 9:05ಕ್ಕ ಪೂಜಾ ಹಿಡದೀವಿ. ಈಗ ಮೊಬೈಲ್ ಆ್ಯಪ್ ನೋಡಿದ್ರ ಕಲಬುರಗಿಗೆ 8:20ರಿಂದ 9:44 ಅಂತ ತೋರಸ್ತದ. ಅಂದ್ರ ನಾವು ಹಿಡಿದ ಟೈಮ್ ರಾಹುಕಾಲದ ನಟ್ಟನಡುವ ಬೀಳ್ತದ. ಯಾವುದು ಖರೆ?
ಇನ್ನೊಂದು: ಬೆಂಗಳೂರಿಗೆ ಗಣಿತ ಮಾಡಿದ ಒಂದು ಪಂಚಾಂಗ ಮನ್ಯಾಗ ಅದ. ಅದರಾಗ ತಿಥಿ ಮುಂದ ‘32-45’ ಅಂತ ಅದ. ಅದನ್ನ ಗಡಿಯಾರದ ಟೈಮಿಗೆ ಹ್ಯಾಂಗ ತರೂದು?

ಕಾಗಿಣಾ ದಂಡಿ
ಆ್ಯಪ್ ಖರೆ. ಕ್ಯಾಲೆಂಡರಿನವರು ವರ್ಷಪೂರ್ತಿ ಸೂರ್ಯ 6ಕ್ಕ ಹುಟ್ಟಿ 6ಕ್ಕ ಮುಳುಗ್ತಾನ ಅಂತ ಹಿಡಿದು ಒಂದ ತಖ್ತಾ ಛಾಪಿಸ್ತಾರ.

ಸೂಪರ್ ಮಾರ್ಕೆಟ್ ಕಾಕಾ
ಊರೆಲ್ಲಾ 7:30–9 ಅಂತ ನಡೀತದ, ನೀವೇನ್ರೀ ಹೊಸದು ತಂದೀರಿ? ಆ್ಯಪ್ ಮಾಡಿದವರಿಗೆ ಶಾಸ್ತ್ರ ಗೊತ್ತೇನು? 9:05ಕ್ಕ ತೆಂಗಿನಕಾಯಿ ಒಡೀರಿ, ಆಗೂದು ಆಗ್ತದ.

ಗಳಿಗಿ ಬಟ್ಟಲ
ಕಾಕಾ, ಶಾಸ್ತ್ರ ಅಂತ ಹಿಡದ್ರ ಆ್ಯಪಿನ ಲೆಕ್ಕಾನ ಶಾಸ್ತ್ರದ್ದು, ಕ್ಯಾಲೆಂಡರಿಂದು ಸಗಟು ಲೆಕ್ಕ.

ರಾಹುಕಾಲಕ್ಕ ಗಡಿಯಾರ ಬೇಕಾಗಿಲ್ಲ. ಆ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದ ತನಕ ಇರೂ ಹಗಲನ್ನ ಎಂಟು ಸಮಪಾಲು ಮಾಡ್ರಿ. ಸೋಮವಾರ 2ನೇ ಪಾಲು, ಶನಿವಾರ 3, ಶುಕ್ರವಾರ 4, ಬುಧವಾರ 5, ಗುರುವಾರ 6, ಮಂಗಳವಾರ 7, ರವಿವಾರ 8. ಮೊದಲನೇ ಪಾಲು ಯಾವ ವಾರಕ್ಕೂ ರಾಹುಕಾಲ ಇಲ್ಲ.

ಈಗ ಕಲಬುರಗಿ ಹಿಡೀರಿ. ಜನವರಿ ನಡುವ ಸೂರ್ಯೋದಯ 6:56, ಅಸ್ತ 6:08. ಹಗಲು 11 ತಾಸು 12 ನಿಮಿಷ, ಅಂದ್ರ 672 ನಿಮಿಷ. ಎಂಟರಿಂದ ಭಾಗಿಸಿದ್ರ 84. ಮೊದಲನೇ ಪಾಲು 8:20ಕ್ಕ ಮುಗೀತು, ಎರಡನೇದು 9:44ಕ್ಕ. ಆ್ಯಪ್ ಹೇಳಿದ್ದು ಬರೋಬ್ಬರಿ ಅದ.

ಜೂನ್ 21ರ ಹತ್ತಿರದ ಸೋಮವಾರ ಹಿಡದ್ರ ಉದಯ 5:50, ಅಸ್ತ 6:59, ಪಾಲಿಗೆ 98ರಿಂದ 99 ನಿಮಿಷ. ರಾಹುಕಾಲ 7:29ರಿಂದ 9:07. ಆಗ ಗೋಡಿ ಕ್ಯಾಲೆಂಡರ್ ಹೆಚ್ಚುಕಮ್ಮಿ ಸರಿ ಬರ್ತದ. ಆದ್ರ ಅದೇ ಜೂನಿನ ರವಿವಾರ ನೋಡ್ರಿ: ತಖ್ತಾದಾಗ 4:30–6, ಖರೆ ರಾಹುಕಾಲ 5:21–6:59. ‘ಆರು ಹೊಡೀತು, ಮುಗೀತು’ ಅಂತ 6:15ಕ್ಕ ಗಾಡಿ ಪೂಜಾ ಮಾಡಿದವರದು ಪೂರಾ ರಾಹುಕಾಲದಾಗ. ಒಂದ ತಖ್ತಾ ಚಳಿಗಾಲದಾಗ ಮುಂಜಾನೆ ಕೈ ಕೊಡ್ತದ, ಬ್ಯಾಸಿಗ್ಯಾಗ ಸಂಜಿಗಿ.

ಗಂಜ್ ಅಡತಿ
ಹಂಗಾದ್ರ 9:50ಕ್ಕ ಇಟ್ಟಕೋತೀನಿ.

ಸೂಪರ್ ಮಾರ್ಕೆಟ್ ಕಾಕಾ
ರಾಹುಕಾಲದ ಜೋರು ಮೊದಲಿಂದನೂ ತೆಂಕಣ ಕಡಿ, ತಮಿಳುನಾಡು-ಮೈಸೂರು ಕಡಿ. ನಿಮ್ಮ ಗಂಜಿನ್ಯಾಗ ಮಾರವಾಡಿ, ಗುಜರಾತಿ ಅಂಗಡಿಯವರನ್ನ ಕೇಳ್ರಿ, ಅವರು ಚೌಘಡಿಯಾ ನೋಡ್ತಾರ. ಅಂಗಡಿ, ಖಾತೆ, ರೋಕಡಿ ಎಲ್ಲಾ ಲಾಭ-ಶುಭ-ಅಮೃತದಾಗ.

ಶಹಾಬಾದ್ ಫರಸಿ
ಚೌಘಡಿಯಾನೂ ಅದೇ ಎಂಟು ಪಾಲು ಕಾಕಾ, ಹೆಸರು ಮಾತ್ರ ಬ್ಯಾರೆ. ಉದ್ವೇಗ, ಚಲ, ಲಾಭ, ಅಮೃತ, ಕಾಲ, ಶುಭ, ರೋಗ. ಈ ಏಳು ಸರಪಳಿಹಂಗ ಸುತ್ತತಾವ. ರವಿವಾರ ಉದ್ವೇಗದಿಂದ ಸುರು, ಸೋಮವಾರ ಅಮೃತ, ಮಂಗಳವಾರ ರೋಗ, ಬುಧವಾರ ಲಾಭ, ಗುರುವಾರ ಶುಭ, ಶುಕ್ರವಾರ ಚಲ, ಶನಿವಾರ ಕಾಲ. ಏಳು ಹೆಸರು, ಎಂಟು ಪಾಲು, ಹಿಂಗಾಗಿ ಹಗಲಿನ ಮೊದಲನೇದು ಮತ್ತ ಕೊನೇದು ಒಂದ ಆಗಿರ್ತದ.
ಸೋಮವಾರ 2ನೇ ಪಾಲು ‘ಕಾಲ’. ರಾಹುಕಾಲನೂ ಅದೇ, ಇಬ್ಬರೂ ಬ್ಯಾಡ ಅಂತಾರ. 9:44ರಿಂದ 11:08 ‘ಶುಭ’. ಅಡತಿ ಅಣ್ಣಾ, 9:50 ಇಬ್ಬರಿಗೂ ಒಪ್ಪಿಗಿ.
ಮಜಾ ಇರೂದು ಗುರುವಾರ. ಅವತ್ತಿನ ರಾಹುಕಾಲ 6ನೇ ಪಾಲು, ಚೌಘಡಿಯಾದಾಗ ಅದು ‘ಅಮೃತ’! ಮಂಗಳವಾರ 7ನೇ ಪಾಲು ಒಬ್ಬರಿಗೆ ರಾಹುಕಾಲ, ಇನ್ನೊಬ್ಬರಿಗೆ ‘ಶುಭ’. ಎದುರಾಬದುರಾ ಎರಡು ಅಂಗಡಿ, ಒಬ್ಬ ಶಟರ್ ಎತ್ತೂ ಹೊತ್ತಿಗೆ ಇನ್ನೊಬ್ಬ ಕೈಕಟ್ಟಿ ಕೂತಿರ್ತಾನ.

ಸೂಪರ್ ಮಾರ್ಕೆಟ್ ಕಾಕಾ
ಅದಕ್ಕ ಹೇಳೂದು, ಯಾವುದರೆ ಒಂದು ಹಿಡೀರಿ ಅಂತ. ಎರಡೂ ನೋಡಿದ್ರ ವಾರದಾಗ ಕೆಲಸಕ್ಕ ಟೈಮ್ ಉಳಿಯಂಗಿಲ್ಲ.

ಬಿದರಿ ಕುಸುರಿ
32-45 ಪ್ರಶ್ನೆ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ಮೊದಲ ಅಂಕಿ ಗಳಿಗೆ (ಘಟಿ), ಎರಡನೆಯದು ವಿಘಟಿ ಅಥವಾ ಪಳ. ಒಂದು ಗಳಿಗೆ 24 ನಿಮಿಷ, ಒಂದು ಪಳ 24 ಸೆಕೆಂಡ್. 60 ಪಳಕ್ಕೆ ಒಂದು ಗಳಿಗೆ, 60 ಗಳಿಗೆಗೆ ಒಂದು ಅಹೋರಾತ್ರಿ. ಎರಡೂವರೆ ಗಳಿಗೆ ಅಂದರೆ ಒಂದು ತಾಸು. ಎಣಿಕೆ ಸೂರ್ಯೋದಯದಿಂದ ಶುರು, ನಡುರಾತ್ರಿಯಿಂದಲ್ಲ.
32 × 24 = 768 ನಿಮಿಷ. 45 × 24 ಸೆಕೆಂಡ್ = 18 ನಿಮಿಷ. ಒಟ್ಟು 786 ನಿಮಿಷ, 13 ತಾಸು 6 ನಿಮಿಷ. ಇದನ್ನು ಸೂರ್ಯೋದಯಕ್ಕೆ ಕೂಡಿಸಿದರೆ ತಿಥಿ ಮುಗಿಯುವ ಗಡಿಯಾರದ ಸಮಯ ಬರುತ್ತದೆ.

ಎಡವುವುದು ಇಲ್ಲೇ. ಯಾವ ಊರಿನ ಸೂರ್ಯೋದಯ? ಆ ಪಂಚಾಂಗ ಬೆಂಗಳೂರಿನದಾದರೆ ಬೆಂಗಳೂರಿನ ಉದಯಕ್ಕೇ ಕೂಡಿಸಬೇಕು. ಜನವರಿ ನಡುವೆ ಅಲ್ಲಿ 6:46. ಹಾಗಾದರೆ ತಿಥಿ ಸಂಜೆ 7:52ಕ್ಕೆ ಮುಗಿಯಿತು. ನಮ್ಮ 6:56ಕ್ಕೆ ಕೂಡಿಸಿದರೆ 8:02 ಬರುತ್ತದೆ, ಅದು ತಪ್ಪು. ಚಂದ್ರ ಸೂರ್ಯನಿಂದ ಇಂತಿಷ್ಟು ಅಂಶ ದೂರ ಹೋದ ಕ್ಷಣವೇ ತಿಥಿ ಮುಗಿದ ಕ್ಷಣ. ಅದು ಬೀದರ್‌ಗೂ ಬೆಂಗಳೂರಿಗೂ ಒಂದೇ. ಊರಿಂದ ಊರಿಗೆ ಬದಲಾಗುವುದು ಸೂರ್ಯೋದಯ, ಅದರಿಂದಾಗಿ ಗಳಿಗೆಯ ಅಂಕಿ. ಕಲಬುರಗಿ ಪಂಚಾಂಗ ಅಂತ ಒಂದು ಮಾಡಿದರೆ ಅದೇ ತಿಥಿಯ ಮುಂದೆ 32-20 ಅಂತ ಬರೆಯಬೇಕಾಗುತ್ತದೆ.

ಯಾದಗಿರಿ ಗುಡ್ಡ
ಕುಸುರಿ ಅಕ್ಕಾ ಬರೋಬ್ಬರಿ ಹೇಳ್ಯಾರ. ಒಂದು ಕೂಡಸ್ತೀನಿ: ಈ 10 ನಿಮಿಷದ ಫರಕು ವರ್ಷಪೂರ್ತಿ ಇರಂಗಿಲ್ಲ. ಜೂನಿನ್ಯಾಗ ಉಲ್ಟಾ, ಬೆಂಗಳೂರಿನ್ಯಾಗ 5:55, ಕಲಬುರಗ್ಯಾಗ 5:50. ಹಿಂಗಾಗಿ ‘ನಮ್ಮ ಕಡಿ ಹತ್ತು ನಿಮಿಷ ಕೂಡಿಸಿ ಹೇಳ್ರಿ’ ಅನ್ನೂದು ನಡ್ಯಂಗಿಲ್ಲ.

ಚಿಂಚೋಳಿ ಕಾಡು
ಅದ್ಯಾಕ ಉಲ್ಟಾ ಆಗ್ತದ?

ಬಿದರಿ ಕುಸುರಿ
ಎರಡು ಸಂಸ್ಕಾರ (ಲೆಕ್ಕದ ತಿದ್ದುಪಡಿ) ಸೇರಿರುತ್ತವೆ. ಒಂದು ದೇಶಾಂತರ, ಅಂದರೆ ಪೂರ್ವ-ಪಶ್ಚಿಮದ ದೂರ. ಒಂದು ರೇಖಾಂಶಕ್ಕೆ 4 ನಿಮಿಷ, ಇದು ವರ್ಷವಿಡೀ ಬದಲಾಗದು. ಇನ್ನೊಂದು ಚರ, ಉತ್ತರ-ದಕ್ಷಿಣದ್ದು, ಇದು ಋತುವಿನ ಜೊತೆ ಬದಲಾಗುತ್ತದೆ. ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಹಗಲು ಸಣ್ಣದು, ಬೇಸಿಗೆಯದು ದೊಡ್ಡದು.
ಬೀದರ್-ಕಲಬುರಗಿ ನಡುವೆಯೇ ನೋಡಿ. ಬೀದರ್ ಪೂರ್ವಕ್ಕಿದೆ, ದೇಶಾಂತರದಿಂದ ಸುಮಾರು 3 ನಿಮಿಷ ಮೊದಲು ಸೂರ್ಯ ಬರಬೇಕು. ಆದರೆ ಉತ್ತರಕ್ಕೂ ಇದೆಯಲ್ಲ, ಜನವರಿಯಲ್ಲಿ ಚರದಿಂದ ಒಂದು ನಿಮಿಷ ತಡ, ಉಳಿಯುವ ವ್ಯತ್ಯಾಸ ಎರಡೇ ನಿಮಿಷ. ಜೂನ್‌ನಲ್ಲಿ ಎರಡೂ ಒಂದೇ ಕಡೆ ಎಳೆದು ನಾಲ್ಕು ನಿಮಿಷ.

ಗಳಿಗಿ ಬಟ್ಟಲ
ಚರ ಬಂತು ಅಂದಮ್ಯಾಲ ಪಲಭಾ ಹೇಳಲೇಬೇಕು. ಕಂಪ್ಯೂಟರ್ ಇಲ್ಲದ ಹಗಲಿನ ಉದ್ದ ತೆಗೆಯೂ ಹಳೇ ದಾರಿ ಇದು, ಇವತ್ತಿಗೂ ಪರೀಕ್ಷಾ ಮಾಡಿ ನೋಡಬಹುದು.

12 ಅಂಗುಲದ ಶಂಕು, ಅಂದ್ರ ನೆಟ್ಟಗಿರೂ ಒಂದು ಕೋಲು. 12 ಇಂಚಿಂದಾದ್ರೂ ನಡೀತದ, ಅಳತಿ ಒಂದ ಇದ್ರ ಸಾಕು. ಮಟ್ಟಸ ಫರಸಿ ಮ್ಯಾಲ ನಿಂದರಸ್ರಿ, ಓಳಂಬಿ ಬಿಟ್ಟು ನೆಟ್ಟಗ ಅದನೋ ಇಲ್ಲೋ ನೋಡ್ರಿ. ಹಗಲು-ರಾತ್ರಿ ಸಮ ಇರೂ ದಿನ, ಮಾರ್ಚ್ 20-21 ಇಲ್ಲಾ ಸೆಪ್ಟೆಂಬರ್ 22-23, ನೆರಳು ಎಲ್ಲಕ್ಕಿಂತ ಗಿಡ್ಡ ಆದಾಗ ಅಳೀರಿ. ಆ ಅಳತೀನ ಆ ಊರಿನ ಪಲಭಾ. ಕಲಬುರಗ್ಯಾಗ 3 ಅಂಗುಲ 45 ವ್ಯಂಗುಲ, ಅಂದ್ರ ಮೂರೂ ಮುಕ್ಕಾಲು. ಬೀದರದಾಗ 3 ಅಂಗುಲ 53, ಯಾದಗಿರ್ಯಾಗ 3 ಅಂಗುಲ 37.

ಕಲಬುರಗಿ ಪಲಭಾನ 10, 8, ಹತ್ತರ ಮೂರನೇ ಒಂದು ಪಾಲು, ಹಿಂಗ ಮೂರು ಸಲ ಗುಣಿಸ್ರಿ: ಸುಮಾರು 37½, 30, 12½. ಇವು ಚರಖಂಡ, ಲೆಕ್ಕ ಪಳದಾಗ. ಕೂಡಿಸಿದ್ರ 80 ಪಳ, ಅಂದ್ರ 32 ನಿಮಿಷ. ಎಲ್ಲಕ್ಕಿಂತ ದೊಡ್ಡ ಹಗಲಿನಾಗ ಸೂರ್ಯ 6ಕ್ಕಿಂತ ಅಷ್ಟು ಮೊದಲು ಹುಟ್ಟಿ ಅಷ್ಟು ತಡ ಮುಳುಗ್ತಾನ, ಇದು ಊರಿನ ಸ್ವಂತ ವ್ಯಾಳ್ಯಾದಾಗ. ಹಗಲು 30 ಗಳಿಗಿಗೆ ಎರಡು ಸಲ 80 ಪಳ ಕೂಡಿಸಿ 32 ಗಳಿಗಿ 40 ಪಳ, ಅಂದ್ರ 13 ತಾಸು 4 ನಿಮಿಷ.

ಕೋಲು ವಾಲಿದ್ರ, ಫರಸಿ ಇಳಿಜಾರಿದ್ರ ನೆರಳು ಕೆಡ್ತದ. ನೆರಳಿನ ತುದಿ ಮಸುಕಿರ್ತದ, ಅದರ ನಡುವಿಗೆ ಗುರುತು ಹಾಕ್ರಿ.

ಶಹಾಬಾದ್ ಫರಸಿ
13 ತಾಸು 4 ನಿಮಿಷ ಅಂತೀರಿ, ಮ್ಯಾಲ ನೀವ 5:50–6:59 ಅಂದೀರಿ. ಅದು 13 ತಾಸು 9 ನಿಮಿಷ ಆಗ್ತದಲ್ಲ?

ಗಳಿಗಿ ಬಟ್ಟಲ
ಹಳೇ ಲೆಕ್ಕ ಸೂರ್ಯಬಿಂಬದ ನಡುಭಾಗ ದಿಗಂತಕ್ಕ ಬಂದಾಗ ಉದಯ ಅಂತದ, ಗಾಳಿಯೊಳಗ ಬೆಳಕು ಬಾಗೂದನ್ನ ಹಿಡ್ಯಂಗಿಲ್ಲ. ಈಗಿನ ಹವಾಮಾನದ ತಖ್ತಾ, ಆ್ಯಪ್ ಬಿಂಬದ ಮ್ಯಾಲಿನ ಅಂಚು ಕಂಡಾಗ ಅಂತಾವ, ಬಾಗೂದನ್ನೂ ಸೇರಸ್ತಾವ. ನಮ್ಮ ಅಕ್ಷಾಂಶಕ್ಕ ಇವೆರಡರ ಫರಕು ಮುಂಜಾನೆ ಮೂರೂವರೆ-ನಾಕು ನಿಮಿಷ, ಸಂಜಿಗಿ ಅಷ್ಟ. ಹಂಗ ಹಳೇ ಲೆಕ್ಕ ಸೂರ್ಯನ ಪರಮ ಕ್ರಾಂತಿ (ಉತ್ತರ-ದಕ್ಷಿಣಕ್ಕ ಹೆಚ್ಚಂದ್ರ ಸರಿಯೂದು) 24 ಅಂಶ ಅಂತ ಹಿಡೀತದ, ಈಗಿಂದು 23½ಕ್ಕಿಂತ ತುಸು ಕಮ್ಮಿ. ಎರಡೂ ಸೇರಿ 5 ನಿಮಿಷ ಉಳೀತು.

ಸೂಪರ್ ಮಾರ್ಕೆಟ್ ಕಾಕಾ
ಅಂಗಡಿ ಪೂಜಾಕ್ಕ ಇಷ್ಟು ಗಣಿತ!

ಯಾದಗಿರಿ ಗುಡ್ಡ
ಲಗ್ನಕ್ಕ ಬೇಕಾಗ್ತದ ಕಾಕಾ. ನಮ್ಮ ಕಡಿ ಲಗ್ನಪತ್ರದಾಗ ‘ಅಭಿಜಿತ್ ಮುಹೂರ್ತ 12:35’ ಅಂತ ಒಂದ ಅಚ್ಚಿನ್ಯಾಗ ಹೊಡೀತಾರ, ತಿಂಗಳು ಯಾವುದಿದ್ರೂ.
ಹಗಲನ್ನ 15 ಪಾಲು ಮಾಡಿದ್ರ 8ನೇದು ಅಭಿಜಿತ್. ಅದರ ನಟ್ಟನಡು ಅಂದ್ರ ಆ ಊರಿನ ನಡುಹಗಲು, ಸೂರ್ಯ ದಕ್ಷಿಣೋತ್ತರ ಗೆರಿಗೆ ಬರೂ ಹೊತ್ತು. ಭಾರತದ ಗಡಿಯಾರ 82½ ಅಂಶ ರೇಖಾಂಶದ್ದು, ಕಲಬುರಗಿ 76.8ರ ಹತ್ತಿರ. ಇದರಿಂದ ಸುಮಾರು 23 ನಿಮಿಷ ಹಿಂದ. ಅದರ ಮ್ಯಾಲ ಸೂರ್ಯನ ನಡಿಗಿ ವರ್ಷದಾಗ ಹಿಂದಮುಂದ ಆಗ್ತದ. ಹಿಂಗಾಗಿ ಕಲಬುರಗಿ ನಡುಹಗಲು ಫೆಬ್ರವರಿ ಎರಡನೇ ವಾರ 12:37, ಮೇ ನಡುವ 12:19, ನವೆಂಬರ್ ಮೊದಲ ವಾರ 12:06. ಯಾದಗಿರ್ಯಾಗ ಒಂದು ನಿಮಿಷ ಮೊದಲು, ಬೀದರದಾಗ ಮೂರು.
ಮೇ ನಡುವ ಅಭಿಜಿತ್ 11:53ರಿಂದ 12:45, ಅಲ್ಲಿ 12:35 ಕೂಡ್ತದ. ನವೆಂಬರ್ ಮೊದಲ ವಾರ 11:43ರಿಂದ 12:29, ಅಲ್ಲಿ 12:35ಕ್ಕ ಅಕ್ಕಿಕಾಳು ಒಗದ್ರ ಅಭಿಜಿತ್ ಮುಗದು ಹೋಗಿರ್ತದ. ಊಟದ ಪಂಕ್ತಿ ಎದ್ದಿರಂಗಿಲ್ಲ ಅಷ್ಟ!

ಗಳಿಗಿ ಬಟ್ಟಲ
ಬುಧವಾರ ಅಭಿಜಿತ್ ಬ್ಯಾಡ ಅಂತಾರಲ್ಲ, ಅವತ್ತು ರಾಹುಕಾಲ 5ನೇ ಪಾಲು, ನಡುಹಗಲಿಗೆ ಸುರು ಆಗ್ತದ. ಅಭಿಜಿತ್ತಿನ ಹಿಂದಿನ ಅರ್ಧ ಪೂರಾ ಅದರಾಗ ಬೀಳ್ತದ.

ಚಿಂಚೋಳಿ ಕಾಡು
ಬ್ರಾಹ್ಮೀ ಮುಹೂರ್ತಾನೂ ಹಿಂಗ ಏನು? 4ರಿಂದ 6 ಅಂತ ಕೇಳೀನಿ.

ಬಿದರಿ ಕುಸುರಿ
ರಾತ್ರಿಯನ್ನೂ 15 ಪಾಲು ಮಾಡಿದರೆ 14ನೆಯದು ಬ್ರಾಹ್ಮೀ, 15ನೆಯದಲ್ಲ. ಜನವರಿಯಲ್ಲಿ ರಾತ್ರಿ 768 ನಿಮಿಷ, ಒಂದು ಪಾಲು 51 ನಿಮಿಷ. ಕಲಬುರಗಿಯಲ್ಲಿ 5:14ರಿಂದ 6:05. ಜೂನ್‌ನಲ್ಲಿ ಪಾಲು 43 ನಿಮಿಷ, 4:23ರಿಂದ 5:06. ಬರೀ 48 ನಿಮಿಷದ ಲೆಕ್ಕ ಹಿಡಿಯುವವರು ಉದಯಕ್ಕಿಂತ 96 ನಿಮಿಷ ಹಿಂದಕ್ಕೆ ಹೋಗುತ್ತಾರೆ, ಅದರಿಂದ ಅಂಥ ವ್ಯತ್ಯಾಸವೇನೂ ಬರದು. ಚಳಿಗಾಲದಲ್ಲಿ 4ಕ್ಕೇ ಎದ್ದು ಕೂತವರಿಗೆ ಬ್ರಾಹ್ಮೀ ಬರಲು ಇನ್ನೂ ಒಂದೂಕಾಲು ತಾಸು ಇರುತ್ತದೆ.

ಏಳು ಗುಂಬಜ್
ಊರಿನ ಸೂರ್ಯಾಸ್ತ ಬೇಕಂದ್ರ ರಂಜಾನ್ ತಿಂಗಳ ಇಫ್ತಾರ್ ಕಾರ್ಡ್ ನೋಡ್ರಿ, ಕಲಬುರಗಿ ಹೆಸರಿಲೇನ ಛಾಪಿಸಿರ್ತಾರ. ಎಹತಿಯಾತ್‌ಗಂತ (ಮುಂಜಾಗ್ರತೆಗೆ) ಒಂದೆರಡು ನಿಮಿಷ ಕೂಡಿಸಿರ್ತಾರ ಅಷ್ಟ. ನಮ್ಮ ಕಡಿ ದಿನ ಬದಲಾಗೂದು ಸೂರ್ಯ ಮುಳುಗಿದಾಗ. ಗುರುವಾರ ಸಂಜಿಗಿ ಜುಮ್ಮೇರಾತ್, ಅಂದ್ರ ಶುಕ್ರವಾರದ ರಾತ್ರಿ ಸುರು ಆತು. ನಿಮ್ಮ ಪಂಚಾಂಗದಾಗ ಗುರುವಾರ ಎಲ್ಲೀತನ?

ಗಳಿಗಿ ಬಟ್ಟಲ
ಶುಕ್ರವಾರ ಸೂರ್ಯೋದಯದ ತನಕ. ಅದಕ್ಕ ಜಾತಕ ಬರಸೂ ಮುಂದ ಗೊಂದಲ ಆಗ್ತದ. ಕೂಸು ಮಂಗಳವಾರ ನಸುಕಿನ್ಯಾಗ 3:20ಕ್ಕ ಹುಟ್ಟಿದ್ರ ದವಾಖಾನಿ ಚೀಟಿ ಮ್ಯಾಲ ಮಂಗಳವಾರದ ತಾರೀಖು. ಪಂಚಾಂಗಕ್ಕ ಅದಿನ್ನೂ ಸೋಮವಾರ. ತಿಥಿ, ನಕ್ಷತ್ರ ನೋಡಾಗ ಸೋಮವಾರದ ಸಾಲು ನೋಡಬೇಕು, ಜನನದ ಗಳಿಗಿ ಸೋಮವಾರದ ಉದಯದಿಂದ ಎಣಿಸಬೇಕು. ಮಂಗಳವಾರದ ಸಾಲು ಹಿಡದ್ರ ನಕ್ಷತ್ರ ತಪ್ಪಿದ್ರೂ ತಪ್ಪೀತು, ಪಾದ (ನಕ್ಷತ್ರದ ಕಾಲು ಭಾಗ) ಅಂತೂ ತಪ್ಪೂ ಸಂಭವ ಭಾಳ.

ಗಂಜ್ ಅಡತಿ
ತಿಥಿನೂ ಉದಯದಿಂದ ಉದಯದ ತನಕ ಅಲ್ಲೇನು?

ಬಿದರಿ ಕುಸುರಿ
ಅಲ್ಲ ಅಣ್ಣಾ. ವಾರ ಮಾತ್ರ ಹಾಗೆ. ತಿಥಿ ಚಂದ್ರ-ಸೂರ್ಯರ ನಡುವೆ 12 ಅಂಶ ಅಂತರ ಬೆಳೆಯುವಷ್ಟು ಕಾಲ. ಸರಾಸರಿ 59 ಗಳಿಗೆ ಚಿಲ್ಲರೆ, ಆದರೆ ಚಂದ್ರನ ವೇಗ ಹೆಚ್ಚು-ಕಡಿಮೆ ಆಗುವುದರಿಂದ ಉದ್ದ ಬದಲಾಗುತ್ತಲೇ ಇರುತ್ತದೆ. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆಯೋ ಆ ದಿನಕ್ಕೆ ಅದರ ಹೆಸರು. ಒಂದು ತಿಥಿ ಉದಯವಾದ ಮೇಲೆ ಶುರುವಾಗಿ ಮರುದಿನದ ಉದಯಕ್ಕೆ ಮುಂಚೆಯೇ ಮುಗಿದರೆ ಯಾವ ದಿನಕ್ಕೂ ಅದರ ಹೆಸರು ಬೀಳುವುದಿಲ್ಲ, ಅದು ಕ್ಷಯ. ಎರಡು ಉದಯಗಳನ್ನು ದಾಟಿದರೆ ವೃದ್ಧಿ, ಎರಡು ದಿನಕ್ಕೂ ಒಂದೇ ಹೆಸರು.

ಮಳಖೇಡ ಕೋಟಿ
ಈ ಉದ್ದದ ಮ್ಯಾಲಿಂದನ ಪಂಚಾಂಗ ಯಾವ ಪದ್ಧತಿದು ಅಂತ ಗುರುತು ಹಿಡೀಬಹುದು. ‘ಬಾಣವೃದ್ಧಿ ರಸಕ್ಷಯ’ ಅಂತ ಹಳೇ ಮಾತದ: ತಿಥಿ 60ಕ್ಕಿಂತ 5 ಗಳಿಗಿ ಹೆಚ್ಚಾದೀತು, 6 ಕಮ್ಮಿ ಆದೀತು. 54ರಿಂದ 65ರೊಳಗ ಇದ್ರ ಸೂರ್ಯಸಿದ್ಧಾಂತ ಅನ್ನೂ ಹಳೇ ಗ್ರಂಥದ ಲೆಕ್ಕ. ದೃಗ್ಗಣಿತದಾಗ, ಅಂದ್ರ ಆಕಾಶದಾಗ ಕಾಣೂದಕ್ಕ ಹೊಂದಿಸಿದ ಲೆಕ್ಕದಾಗ, 7 ವೃದ್ಧಿ, 10 ಕ್ಷಯ, ಅಂದ್ರ 50ರಿಂದ 67. ಎರಡೂ ಪಂಚಾಂಗ ಬಾಜೂಕ ಇಟ್ಟ್ರ ಅಮಾಸಿ-ಹುಣ್ಣಿಮಿ ಹತ್ತಿರ ಫರಕು ಕಮ್ಮಿ, ಅಷ್ಟಮಿ ಆಜೂಬಾಜೂ ನಾಕೈದು ತಾಸಿನ ತನಕ ಹೋಗ್ತದ. ಹಳೇ ಲೆಕ್ಕದ ಅಂಕಿಗಳನ್ನ ಗ್ರಹಣಕ್ಕ ತಾಳೆ ನೋಡಿ ಕೂಡಿಸಿದ್ರು, ಗ್ರಹಣ ಆಗೂದು ಹುಣ್ಣಿಮಿ-ಅಮಾಸಿಗೇ ಅಲ್ಲ?

ಏಕಾದಶಿ ಜಗಳನೂ ಇಲ್ಲಿಂದನ ಬರ್ತದ. ವೈಷ್ಣವರಿಗೆ ಅರುಣೋದಯಕ್ಕ ದಶಮಿ ತಾಕಬಾರದು. ಅರುಣೋದಯ ಅಂದ್ರ ಉದಯಕ್ಕಿಂತ 4 ಗಳಿಗಿ ಮೊದಲು, 96 ನಿಮಿಷ. ಜನವರಿ ನಡುವ ಕಲಬುರಗ್ಯಾಗ 5:20. ದಶಮಿ 5:10ಕ್ಕ ಮುಗದ್ರ ಅವತ್ತ ಉಪವಾಸ, 5:30ಕ್ಕ ಮುಗದ್ರ ಮರುದಿನ. ಸ್ಮಾರ್ತರು ಸೂರ್ಯೋದಯಕ್ಕ ದಶಮಿ ಇಲ್ಲದಿದ್ರ ಸಾಕು ಅಂತಾರ. ಹತ್ತಿಪ್ಪತ್ತು ನಿಮಿಷದ ಮ್ಯಾಲ ಎರಡು ಮನಿ ಎರಡು ದಿನ ಉಪವಾಸ ಮಾಡ್ತಾವ.

ಸೂಪರ್ ಮಾರ್ಕೆಟ್ ಕಾಕಾ
ಮಳಖೇಡದವರು ಬಂದ್ರಲ್ಲ, ಇನ್ನ ರಾಷ್ಟ್ರಕೂಟರು ಬರ್ತಾರ ನೋಡ್ರಿ.

ಮಳಖೇಡ ಕೋಟಿ
ಕರದೀರಿ, ಬಂದ್ರು. ಅಮೋಘವರ್ಷನ ಕಾಲದಾಗ, 850ರ ಆಜೂಬಾಜೂ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಾಗ ಕಾಲದ ಅಳತಿ ಅದ. 7 ಉಚ್ಛ್ವಾಸಕ್ಕ ಒಂದು ಸ್ತೋಕ, 7 ಸ್ತೋಕಕ್ಕ ಒಂದು ಲವ, 38½ ಲವಕ್ಕ ಒಂದು ಘಟಿ, 2 ಘಟಿಗೆ ಮುಹೂರ್ತ, 30 ಮುಹೂರ್ತಕ್ಕ ದಿನ. ಗುಣಿಸಿದ್ರ ಮುಹೂರ್ತಕ್ಕ 3773 ಉಚ್ಛ್ವಾಸ. ಘಟಿ, ಮುಹೂರ್ತ ಎಲ್ಲರಿಗೂ ಒಂದ, ಕೆಳಗಿನ ಚಿಲ್ಲರೆ ಮಾತ್ರ ಜೈನ ಪದ್ಧತಿದು. ಸೂರ್ಯಸಿದ್ಧಾಂತದಾಗ 6 ಪ್ರಾಣಕ್ಕ ಒಂದು ವಿನಾಡಿ, ಅಂದ್ರ ಪ್ರಾಣ 4 ಸೆಕೆಂಡ್, ಮುಹೂರ್ತಕ್ಕ 720. ಮಹಾವೀರನ ಉಚ್ಛ್ವಾಸ ಮುಕ್ಕಾಲು ಸೆಕೆಂಡಿನ ಹತ್ತಿರ. ಅಷ್ಟು ಜಲ್ದಿ ಯಾರೂ ಉಸಿರು ತಗೊಳ್ಳಂಗಿಲ್ಲ, ನಾಡಿ ಬಡಿತಕ್ಕ ಕೂಡ್ತದ.

ಚಿಂಚೋಳಿ ಕಾಡು
ಗಳಿಗಿ ಬಟ್ಟಲ ಸರ, ನಿಮ್ಮ ಹೆಸರಿನ ಬಟ್ಟಲ ಮಾಡೂದು ಹ್ಯಾಂಗ? ಸಾಲಿ ವಿಜ್ಞಾನ ಪ್ರದರ್ಶನಕ್ಕ ಬೇಕಾಗ್ಯಾದ.

ಗಳಿಗಿ ಬಟ್ಟಲ
ತಾಮ್ರದ ತೆಳುವಾದ ಅರ್ಧಗೋಳದ ಬಟ್ಟಲ, ತಳದಾಗ ಸಣ್ಣ ತೂತು. ಅಗಲ ಬಾಯಿನ ದೊಡ್ಡ ಪಾತ್ರ್ಯಾಗ ತೆಳಿ ನೀರು ತುಂಬಿ ಅದರ ಮ್ಯಾಲ ತೇಲಿ ಬಿಡೂದು. ತೂತಿನಿಂದ ನೀರು ಒಳಗ ಬಂದು 24 ನಿಮಿಷಕ್ಕ ಮುಳುಗಬೇಕು. ಸೂರ್ಯಸಿದ್ಧಾಂತದಾಗ ಇದೇ ಅದ, ಹಗಲು-ರಾತ್ರಿ ಸೇರಿ 60 ಸಲ ಮುಳುಗಬೇಕು ಅಂತ.

ತೂತಿನ ಅಳತಿ ಬಾಯಿಲೆ ಹೇಳಿ ಉಪಯೋಗಿಲ್ಲ, ಬಟ್ಟಲದ ಗಾತ್ರ, ತೂಕದ ಮ್ಯಾಲ ಹೋಗ್ತದ. ಮೊದಲು ಸೂಜಿ ಮೊನಿಯಷ್ಟು ತೂತು ಹಾಕ್ರಿ. ಸ್ಟಾಪ್‌ವಾಚ್ ಹಿಡಿದು ನೋಡ್ರಿ, 40 ನಿಮಿಷ ಬಂತು ಅನ್ರಿ, ಒಂದೀಟು ಹಿಗ್ಗಿಸಿ ಮತ್ತ ತೇಲಿ ಬಿಡ್ರಿ. 26ಕ್ಕ ಬಂದಮ್ಯಾಲ ದಬ್ಬಣ ಬ್ಯಾಡ, ನಯ ಅರದಿಂದ ತಿಕ್ಕಿ ತರ್ರಿ. ಹಿಗ್ಗಿದ ತೂತು ಸಣ್ಣ ಆಗಂಗಿಲ್ಲ, ಬೆಸಿಗಿ ಹಚ್ಚಿ ಮೊದಲಿಂದ ಮಾಡಬೇಕಾಗ್ತದ. ತೂತಿನ ಒಳಗಂಚಿಗೆ ಕೆರಚು ಉಳದ್ರ ಗಾಳಿಗುಳ್ಳಿ ಸಿಕ್ಕೊಂಡು ಎರಡು-ಮೂರು ನಿಮಿಷ ತಡ ಮಾಡ್ತದ.

ಇನ್ನ ನೀರು. ನಮ್ಮ ಕಡಿ ಬೋರಿನ ನೀರು ಗಡಸು. ನಾಕು ದಿನ ಒಣಗಿಸಿ ಇಟ್ಟ್ರ ತೂತಿಗೆ ಸುಣ್ಣ ಕಟ್ಟಿ ಗಳಿಗಿ ಉದ್ದ ಆಗ್ತದ. ಮಳಿ ನೀರು ಇಲ್ಲಾ ಫಿಲ್ಟರ್ ನೀರು ಹಾಕ್ರಿ, ಕೆಲಸ ಮುಗದಮ್ಯಾಲ ಲಿಂಬಿ ಹುಳಿ ಹಚ್ಚಿ ತೊಳೀರಿ. ಥಂಡಿ ನೀರು ಮಂದ, ತೂತಿನೊಳಗ ನಿಧಾನ ಹರೀತದ. ಡಿಸೆಂಬರದಾಗ ಹೊಂದಿಸಿದ್ದು ಮೇದಾಗ ಜಲ್ದಿ ಮುಳುಗ್ತದ. ಪ್ರದರ್ಶನದ ದಿನ ಮುಂಜಾನೆ ಅದೇ ನೀರಿನ್ಯಾಗ ಒಮ್ಮೆ ನೋಡಿಕೊಳ್ರಿ. ಫ್ಯಾನ್ ಬಂದ್, ಗಾಳಿಗೆ ಬಟ್ಟಲ ಅಲಗಾಡಿದ್ರ ಅಂಚಿನಿಂದ ನೀರು ಸೇರಿ ಕೆಡ್ತದ.

ಶಹಾಬಾದ್ ಫರಸಿ
ಈ ಟೈಮಿನ ಮಾತಿನ್ಯಾಗ ಒಂದು ಬ್ಯಾರೆ ಪ್ರಶ್ನೆ. ಹಳೇ ಹೊಲದ ಕಾಗದದಾಗ ‘ಫಸಲಿ 1358’ ಅಂತ ಅದ. ಇಸ್ವಿ ಎಷ್ಟು?

ಏಳು ಗುಂಬಜ್
ನಿಜಾಮ್ ಕಾಲದ ಫಸಲಿಗೆ (ಕಂದಾಯದ ವರ್ಷಕ್ಕ) 590 ಕೂಡಸ್ರಿ, 1948. ವರ್ಷ ಅಕ್ಟೋಬರಕ್ಕ ಬದಲಾಗ್ತಿತ್ತು, ಹಿಂಗಾಗಿ 1948-49. ಕಾಗದದ ಮ್ಯಾಲ ತಿಂಗಳು ಆಜೂರ್ ಅಂತ ಇದ್ರ ವರ್ಷದ ಮೊದಲ ತಿಂಗಳು.

ಸೂಪರ್ ಮಾರ್ಕೆಟ್ ಕಾಕಾ
ರಾಹುಕಾಲದಿಂದ ನಿಜಾಮನ ತನಕ ಬಂದ್ವಿ. ವಿಷಯಕ್ಕ ಬರ್ರಿ. ವರ್ಜ್ಯ ಅಂತ ಒಂದು ಇರ್ತದಲ್ಲ ಪಂಚಾಂಗದಾಗ, ಅದನ್ನ ಯಾರೂ ಹೇಳವಲ್ರಿ. ಅದು ರಾಹುಕಾಲಕ್ಕಿಂತ ಗಟ್ಟಿ.

ಬಿದರಿ ಕುಸುರಿ
ಕಾಕಾ ಹೇಳಿದ್ದು ಸರಿ. ವರ್ಜ್ಯಕ್ಕೆ ವಿಷಘಟಿ ಅಂತಲೂ ಅನ್ನುತ್ತಾರೆ. ಇದು ಹಗಲಿನ ಪಾಲಲ್ಲ, ನಕ್ಷತ್ರದ ಪಾಲು. ಪ್ರತಿ ನಕ್ಷತ್ರಕ್ಕೂ ಶುರುವಾಗುವ ಗಳಿಗೆ ಗೊತ್ತುಮಾಡಿದೆ: ಅಶ್ವಿನಿಗೆ 50, ಭರಣಿಗೆ 24, ಕೃತ್ತಿಕೆಗೆ 30, ರೋಹಿಣಿಗೆ 40. ಅಲ್ಲಿಂದ 4 ಗಳಿಗೆ. ನಕ್ಷತ್ರ 60 ಗಳಿಗೆ ಇದ್ದರೆ ಮಾತ್ರ ಈ ಅಂಕಿ ಇದ್ದ ಹಾಗೇ ಹೊಂದುತ್ತದೆ. ರೋಹಿಣಿ 64 ಗಳಿಗೆ ಇತ್ತು ಅನ್ನಿ, 40ನ್ನು 64ರಿಂದ ಗುಣಿಸಿ 60ರಿಂದ ಭಾಗಿಸಬೇಕು: 42 ಗಳಿಗೆ 40 ಪಳಕ್ಕೆ ಶುರು. ಉದ್ದವೂ ಅದೇ ಪ್ರಮಾಣದಲ್ಲಿ 4 ಗಳಿಗೆ 16 ಪಳ, ಅಂದರೆ 1 ತಾಸು 42 ನಿಮಿಷ. ಈ ಎಣಿಕೆ ರೋಹಿಣಿ ಶುರುವಾದ ಹೊತ್ತಿನಿಂದ, ಸೂರ್ಯೋದಯದಿಂದಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿ.

ಯಾದಗಿರಿ ಗುಡ್ಡ
ಭದ್ರಾನೂ ಸೇರಸ್ರಿ. ಅದೂ ಶುಭಕೆಲಸಕ್ಕ ಬ್ಯಾಡ ಅನ್ನೂ ಹೊತ್ತು. ಅದು ಕರಣ, ಅಂದ್ರ ಅರ್ಧ ತಿಥಿ. ಶುಕ್ಲಪಕ್ಷದಾಗ ಚೌತಿ, ಏಕಾದಶಿಯ ಎರಡನೇ ಅರ್ಧ, ಅಷ್ಟಮಿ, ಹುಣ್ಣಿಮಿಯ ಮೊದಲನೇ ಅರ್ಧ. ಕೃಷ್ಣಪಕ್ಷದಾಗ ತದಿಗಿ, ದಶಮಿಯ ಎರಡನೇ ಅರ್ಧ, ಸಪ್ತಮಿ, ಚತುರ್ದಶಿಯ ಮೊದಲನೇ ಅರ್ಧ. ರಾಖಿ ಹುಣ್ಣಿಮಿಗೂ ಕಾಮನ ಹುಣ್ಣಿಮಿಗೂ ವರ್ಷಾ ವಾದ ಆಗೂದು ಈ ಮೊದಲನೇ ಅರ್ಧಕ್ಕ.

ಭೀಮಾ ಅಮರಜಾ
ಗಾಣಗಾಪುರಕ್ಕೆ ಮುಂಬೈ, ಪುಣೆ ಕಡೆಯವರು ಬರುತ್ತಾರೆ, ಕೈಯಲ್ಲಿ ಮುಂಬೈ ಸಮಯದ ಕ್ಯಾಲೆಂಡರ್. ಸಂಕಷ್ಟಿ ದಿನ ಚಂದ್ರೋದಯ 9:20 ಅಂತ ಅದರಲ್ಲಿ ಇದ್ದರೆ ಇಲ್ಲಿ ಕಾಲು ತಾಸು ಮೊದಲೇ ಚಂದ್ರ ಬಂದಿರುತ್ತಾನೆ. ಚೌತಿ ಮುಗಿಯುವ ಸಮಯ ಮುಂಬೈದು ನಡೆಯುತ್ತದೆ, ಚಂದ್ರೋದಯ ನಡೆಯುವುದಿಲ್ಲ. ಚಂದ್ರ ಕಣ್ಣ ಮುಂದೆ ಇದ್ದರೂ ಕ್ಯಾಲೆಂಡರ್ ನೋಡಿ ಹಸಿದು ಕೂರುವವರಿದ್ದಾರೆ.

ಗಂಜ್ ಅಡತಿ
ಭಾಳ ತಿಳೀತು. ಒಂದ ಒಂದು ಉಳೀತು. ಆ್ಯಪಿನ್ಯಾಗ ನಕ್ಷತ್ರ ಮುಂದ ‘26:14 ತನಕ’ ಅಂತ ಅದ. ಇದು ಗಳಿಗಿನಾ?

ಬಿದರಿ ಕುಸುರಿ
ಗಳಿಗೆ ಅಲ್ಲ, ತಾಸು. ವಾರ ಉದಯದ ತನಕ ನಡೆಯುತ್ತದಲ್ಲ, ಅದಕ್ಕೆ ನಡುರಾತ್ರಿ ದಾಟಿದರೂ ಎಣಿಕೆ ಮುಂದುವರಿಸುತ್ತಾರೆ. 24 ಕಳೆಯಿರಿ, ಮರುದಿನ ಬೆಳಗಿನ ಜಾವ 2:14. ಗಳಿಗೆ-ಪಳಕ್ಕೆ ಸಾಮಾನ್ಯವಾಗಿ ನಡುವೆ ಅಡ್ಡಗೆರೆ ಹಾಕುತ್ತಾರೆ, ತಾಸಿಗೆ ಎರಡು ಚುಕ್ಕೆ. ಆದರೂ ಅದನ್ನೇ ನಂಬಬೇಡಿ, ಮೊದಲ ಪುಟದ ಸೂಚನೆ ಓದಿ.

ಕಾಗಿಣಾ ದಂಡಿ
ಮತ್ತ ಆ್ಯಪಿನ ಸೆಟ್ಟಿಂಗಿನ್ಯಾಗ ಊರು ಯಾವುದದ ನೋಡ್ರಿ. ಲೊಕೇಶನ್ ಬಂದ್ ಇದ್ರ ದಿಲ್ಲಿನೋ ಉಜ್ಜೈನೋ ಹಿಡಿದು ಕೂತಿರ್ತದ. ಜನವರಿ ನಡುವ ಉದಯ 6:56 ತೋರಿಸಿದ್ರ ಕಲಬುರಗಿ. 7 ದಾಟಿ ತೋರಿಸಿದ್ರ ಊರು ಬದಲ್ ಮಾಡ್ರಿ, ಇಲ್ಲಾ ಉದಯ ಅಂಚಿಂದೋ ನಡುಬಿಂಬದ್ದೋ ಅನ್ನೂ ಆಯ್ಕೆ ನೋಡ್ರಿ.